ಏಳನೇ ಕಾಲಂನ ಮೀನು

ಬಸವಕಲ್ಯಾಣ
12 ಜುಲೈ 2025

ದೋಸ್ತ ವೀರಭದ್ರನಿಗೆ,

ಬುಧವಾರದಿಂದ ಇವತ್ತಿನವರೆಗೆ ಹದಿನೇಳು ಸಲ ಫೋನ್ ಮಾಡಿದ್ದೇನೆ. ಹುಮನಾಬಾದಿನಲ್ಲಿ ಮಳೆಗೆ ಟವರ್ ಕೆಟ್ಟಿರಬೇಕು ಎಂದು ಮೊದಲ ಐದು ಸಲ ನಂಬಿದೆ. ಆಮೇಲೆ ಸ್ನಾನ, ಪೂಜೆ, ಊಟ, ನಿದ್ದೆ ಎಂದು ನಿನ್ನ ಪರವಾಗಿ ನಾನೇ ನೆಪ ಹುಡುಕಿದೆ. ಹದಿನೇಳಕ್ಕೆ ನನ್ನ ಹತ್ತಿರವಿದ್ದ ನೆಪಗಳು ಮುಗಿದವು. ಅದಕ್ಕೇ ಈ ಕಾಗದ. ಫೋನು ಬಡಿದುಕೊಂಡು ಸುಮ್ಮನಾಗುತ್ತದೆ. ಕಾಗದ ಮನೆಯೊಳಗೆ ಬಂದು ಕೂತುಬಿಡುತ್ತದೆ.

ಮೀನುಗಾರಿಕೆಯ ತುಳಜಾರಾಮ ಸಾಹೇಬರು ಬುಧವಾರ ನಾರಾಯಣಪುರ ರಸ್ತೆಯ ನನ್ನ ಹೊಂಡಕ್ಕೆ ಬಂದಿದ್ದರು. ಕೈಯಲ್ಲಿ ನನ್ನದೇ ನೋಂದಣಿ ಫಾರಂ. ಏಳನೇ ಕಾಲಂ, ‘ಮೀನಿನ ವೈಜ್ಞಾನಿಕ ಹೆಸರು’ ಎಂಬಲ್ಲಿ ಬೆರಳಿಟ್ಟು ಕೇಳಿದರು:

“ಅಜೀಮ್ ಭಾಯ್, ಇದು ಯಾರು ತುಂಬ್ಯಾರ?”

“ನಮ್ಮ ದೋಸ್ತ ತುಂಬ್ಯಾನ್ರಿ. ಹುಮನಾಬಾದ್ ಕಾಲೇಜಿನಾಗ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸ್ಯಾನ,” ಎಂದೆ. ಎದೆ ಸ್ವಲ್ಪ ಮುಂದೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

“ಸಿಲುರಿಫಾರ್ಮಿಸ್ ಅಂದ್ರ ಏನು ಗೊತ್ತದೇನು ನಿಮಗ?”

“ಮಾಂಗೂರ್ ಮೀನಿನ ದೊಡ್ಡ ಹೆಸರ್ರಿ.”

“ಮೀಸಿ ಇರೋ ಮೀನೆಲ್ಲ ಕೂಡಿಸಿ ಇಟ್ಟ ಗಣದ ಹೆಸರು ಅದು. ಮೂರು ಸಾವಿರದ ಮ್ಯಾಲ ಜಾತಿ ಅದಾವ ಅದರಾಗ. ನಿಮ್ಮ ಮನಿ ಎಲ್ಲದ ಅಂತ ಕೇಳಿದ್ರ ‘ಹಿಂದೂಸ್ತಾನದಾಗ’ ಅಂದಂಗ ಆತು. ಸರ್ಕಾರ ಬಂದ್ ಮಾಡಿದ ಆಫ್ರಿಕಾದ ಮಾಂಗೂರೂ ಇದರಾಗೇ ಬರ್ತದ. ನಿಮ್ಮ ಹೊಂಡದಾಗ ಇರೋದು ಯಾವುದು?”

“ನಮ್ಮದು ನಾಟಿ ಸಾಹೇಬ್ರ, ಹಂಡ್ರೆಡ್ ಪರ್ಸೆಂಟ್ ನಾಟಿ.”

“ಕಾಗದದಾಗ ಹಂಗ ಇಲ್ಲಲ್ಲ.”

ನೋಟಿಸ್ ಕೊಟ್ಟು ಹೋದರು. ನಲವತ್ತೈದು ದಿನ, ಅಂದರೆ ಆಗಸ್ಟ್ ಇಪ್ಪತ್ಮೂರರ ಒಳಗೆ, ಒಂದೋ ಸಹಿ ಮಾಡಿದವರೇ ಮೀನನ್ನು ಪರೀಕ್ಷಿಸಿ ನಿಖರವಾದ ಪ್ರಭೇದದ ಹೆಸರು ಬರೆದುಕೊಡಬೇಕು, ಇಲ್ಲವೇ ಪ್ರಯೋಗಾಲಯದ ವರದಿ ತರಬೇಕು. ಎರಡೂ ಇಲ್ಲವಾದರೆ ತಾಯಿ ಮೀನು, ಮರಿ, ಎಲ್ಲವನ್ನೂ ಗುಂಡಿಗೆ ಹಾಕಿ ಸುಣ್ಣ ಸುರಿಯುತ್ತಾರೆ.

ಆ ನಲವತ್ತೆರಡು ತಾಯಿ ಮೀನು ನನಗೆ ಹೇಗೆ ಬಂದವೆಂದು ನಿನಗೆ ಗೊತ್ತು. ಗೋರ್ಟಾದ ಹಳ್ಳದಲ್ಲಿ ಎರಡು, ಪಾಳು ಬಾವಿಯೊಂದರಲ್ಲಿ ಐದು, ಹೀಗೆ ಆರು ವರ್ಷ ಕೆಸರಿನಲ್ಲಿ ಕೈಯಾಡಿಸಿ ಕೂಡಿಸಿದವು. ಆಫ್ರಿಕಾದ್ದು ಆರು ತಿಂಗಳಿಗೆ ತೊಡೆಯಷ್ಟು ಬೆಳೆಯುತ್ತದೆ, ನಮ್ಮದು ವರ್ಷವಾದರೂ ಮೊಳಕೈ ದಾಟುವುದಿಲ್ಲ. ಆದರೂ ಇದನ್ನೇ ಹಿಡಿದು ಕೂತೆ. ಇವು ಹೋದರೆ ಈ ಸೀಮೆಯಲ್ಲಿ ಮತ್ತೆ ಹುಡುಕಲು ಹಳ್ಳಗಳೂ ಉಳಿದಿಲ್ಲ, ನನ್ನ ಮೊಣಕಾಲುಗಳೂ ಉಳಿದಿಲ್ಲ.

ಮಾರ್ಚ್‌ನಲ್ಲಿ ನೀನು ಬಂದಾಗ ತಂತಿ ಬೇಲಿಯ ಆಚೆಗೇ ನಿಂತೆ. ಮೂಗಿಗೆ ಕರವಸ್ತ್ರ. ನಾನು ಒಂದು ಮೀನು ಹಿಡಿದು ಎತ್ತಿ ತೋರಿಸಿದೆ. “ಮೀಸಿ ಎಷ್ಟದಾವ?” ಎಂದು ನೀನು ಕೇಳಿದೆ. ಎಂಟು ಎಂದು ನಾನು ಹೇಳಿದೆ. “ಸಾಕು” ಎಂದವನೇ ನನ್ನ ಗಾಡಿಯ ಸೀಟಿನ ಮೇಲೆ ಫಾರಂ ಇಟ್ಟು ಬರೆದುಬಿಟ್ಟೆ. ಹೆಸರು ಏಳನೇ ಕಾಲಂ ದಾಟಿ ಎಂಟನೆಯದರೊಳಕ್ಕೆ ಹೋಯಿತು. ಹೆಸರೇ ಅಷ್ಟುದ್ದ ಎಂದುಕೊಂಡು ಖುಷಿಪಟ್ಟೆ. ಗೇಟಿಗೆ ಬೋರ್ಡನ್ನೂ ಬರೆಸಿದೆ: ಸಿಲುರಿಫಾರ್ಮಿಸ್ ಮೀನು ಸಾಕಾಣಿಕೆ ಕೇಂದ್ರ. ಮನೆಯಾಕೆ ಮುನ್ನಿ ಬೀ ನೋಡಿ, “ಇದೇನು, ಔಷಧದ ಅಂಗಡಿ ತೆಗದೀರೇನು?” ಎಂದಳು. ಓದಿದವಳಲ್ಲ, ನಿನಗೇನು ಗೊತ್ತು ಎಂದು ಬೈದೆ.

ಒಂದು ಗಂಟೆಯ ಕೆಲಸ. ಬಾ, ಒಂದು ಮೀನನ್ನು ಹತ್ತಿರದಿಂದ ನೋಡು, ಅದರ ನಿಜವಾದ ಹೆಸರು ಬರೆ, ಹೋಗು. ಚಹಾ ಹೊರಗಿನಿಂದ ತರಿಸುತ್ತೇನೆ, ನಮ್ಮ ಮನೆಯ ಪಾತ್ರೆ ಎಂಬ ಚಿಂತೆಯೂ ಬೇಡ.

ದಾರಿ ನೋಡುತ್ತಿರುವ,
ಅಜೀಮುದ್ದೀನ್


ಬಸವಕಲ್ಯಾಣ
21 ಜುಲೈ 2025

ಮಾನ್ಯ ವೀರಭದ್ರ ಸರ್ ಅವರಿಗೆ,

ತಾವು ಕಾಗದಕ್ಕೂ ಉತ್ತರ ಕೊಡಲಿಲ್ಲವಾದ್ದರಿಂದ ಶನಿವಾರ ನಾನೇ ತಮ್ಮ ಮನೆಗೆ ಬಂದಿದ್ದೆ. ತಮಗೆ ಗೊತ್ತಿಲ್ಲದೆ ಇರಬಹುದು, ಯಾಕೆಂದರೆ ತಾವು ಊರಲ್ಲಿರಲಿಲ್ಲ. ಹಾಗೆಂದು ಶಕುಂತಲಾ ವೈನಿ ಬಾಗಿಲಲ್ಲೇ ಹೇಳಿದರು.

“ಅವ್ರು ಕಲಬುರಗಿಗೆ ಹೋಗ್ಯಾರ್ರಿ ಭಾಯ್.”

ಹೊಸ್ತಿಲ ಪಕ್ಕ ತಮ್ಮ ಚಪ್ಪಲಿ ಇದ್ದವು. ಹೊರಗೆ ಹಾಕುವವೂ, ಮನೆಯಲ್ಲಿ ಹಾಕುವವೂ.

“ಬರಿಗಾಲಲೇ ಹೋಗ್ಯಾರೇನ್ರಿ ವೈನಿ?”

ಅವರು ನಗಲಿಲ್ಲ. ಒಳಗೆ ಹಾಡುತ್ತಿದ್ದ ರೇಡಿಯೋ ಅಷ್ಟರಲ್ಲಿ ತಾನಾಗಿಯೇ ಬಂದ್ ಆಯಿತು. ಕಲಬುರಗಿಯಿಂದ ಬಂದ್ ಮಾಡುವ ರೇಡಿಯೋ ಎಲ್ಲಿ ಸಿಗುತ್ತದೆ ಎಂದು ದಯವಿಟ್ಟು ತಿಳಿಸಬೇಕು. ವೈನಿ ಚಹಾ ಕೊಟ್ಟರು, ಚೂಡಾ ಕೊಟ್ಟರು. ನಾನು ಕುಡಿಯುವವರೆಗೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು.  ನಾನು ಲೋಟ ಕೆಳಗಿಟ್ಟು ಎದ್ದು ಬಂದೆ.

ಹನ್ನೆರಡು ದಿನ ಕಳೆದಿವೆ. ಉಳಿದದ್ದು ಮೂವತ್ತಮೂರು.

ಏಳನೇ ತರಗತಿಯಲ್ಲಿ ತಮ್ಮ ಪಕ್ಕ ಕೂರುತ್ತಿದ್ದ,
ಎಂ. ಅಜೀಮುದ್ದೀನ್


ಹುಮನಾಬಾದ
28 ಜುಲೈ 2025

ಶ್ರೀ ಅಜೀಮುದ್ದೀನರಿಗೆ,

ನಿಮ್ಮ ಎರಡೂ ಪತ್ರಗಳು ಮುಟ್ಟಿವೆ. ಅವುಗಳ ಧಾಟಿಯಿಂದ ಬೇಸರವಾಗಿದೆ.

ಮೊದಲಿಗೆ, ಸಿಲುರಿಫಾರ್ಮಿಸ್ ಎಂಬುದು ತಪ್ಪಲ್ಲ. ಇಂಗ್ಲಿಷಿನವರು ಕ್ಯಾಟ್‌ಫಿಶ್ ಎನ್ನುವ, ಮೈಮೇಲೆ ಹುರುಪೆ ಇಲ್ಲದ, ಬಾಯಿಯ ಸುತ್ತ ಮೀಸೆಯಂಥ ಎಳೆಗಳಿರುವ ಮೀನುಗಳೆಲ್ಲ ಈ ಗಣಕ್ಕೆ ಸೇರುತ್ತವೆ. ನಿಮ್ಮ ಮೀನಿಗೆ ಮೀಸೆ ಇದೆ. ಆದ್ದರಿಂದ ಅದು ಈ ಗಣದ್ದೇ. ಲೋಕದ ಯಾವ ಪ್ರಾಣಿಶಾಸ್ತ್ರಜ್ಞನನ್ನು ಕೇಳಿದರೂ ಇದನ್ನು ಅಲ್ಲಗಳೆಯಲಾರ. ಗಣದ ಕೆಳಗೆ ಕುಟುಂಬ, ಅದರ ಕೆಳಗೆ ಕುಲ, ಅದರ ಕೆಳಗೆ ಪ್ರಭೇದ. ನಿಮ್ಮ ಸಾಹೇಬರಿಗೆ ಕೆಳಗಿನ ಮೆಟ್ಟಿಲು ಬೇಕಿದ್ದರೆ ಫಾರಂನಲ್ಲಿ ಹಾಗೆಂದು ಅಚ್ಚು ಹಾಕಿಸಬೇಕಿತ್ತು.

ಎರಡನೆಯದು, ನಾಟಿ ಮಾಂಗೂರು ಕ್ಲಾರಿಯಸ್ ಮಾಗುರ್, ಆಫ್ರಿಕಾದ್ದು ಕ್ಲಾರಿಯಸ್ ಗ್ಯಾರಿಪೈನಸ್. ಎರಡರ ವ್ಯತ್ಯಾಸ ಮುಖ್ಯವಾಗಿ ತಲೆಬುರುಡೆಯ ಹಿಂದಿನ ಅಂಚಿನಲ್ಲಿದೆ. ನಾಟಿಯದರಲ್ಲಿ ಆ ಅಂಚು ಒಂದೇ ನಯವಾದ ಕಮಾನು. ಆಫ್ರಿಕಾದ್ದರಲ್ಲಿ ನಡುವೆ ಮೊನೆ, ಎರಡೂ ಬದಿಗೆ ತಗ್ಗು. ಇದನ್ನು ನಾನು ಮೂವತ್ತೊಂದು ವರ್ಷ ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಆದರೆ ಅದಕ್ಕೆ ಮೀನನ್ನು ಕೈಯಲ್ಲಿ ಹಿಡಿಯಬೇಕು. ಇದು ಶ್ರಾವಣ. ನಮ್ಮ ಮನೆಯಲ್ಲಿ ಶ್ರಾವಣ ಹೇಗೆ ನಡೆಯುತ್ತದೆಂದು ನಿಮಗೆ ತಿಳಿಯದ್ದಲ್ಲ. ಅಮಾವಾಸ್ಯೆ ಕಳೆಯಲಿ, ನೋಡೋಣ.

ಇಂತು,
ವೀರಭದ್ರ


ಬಸವಕಲ್ಯಾಣ
6 ಆಗಸ್ಟ್ 2025

ವೀರಭದ್ರ,

ನಿನ್ನ ಪಾಠ ಮುಟ್ಟಿತು. ನಿನ್ನ ಉತ್ತರದಲ್ಲಿ ತಪ್ಪು ಹುಡುಕಿದೆ, ಒಂದೂ ಸಿಗಲಿಲ್ಲ. ಅದೇ ಕಷ್ಟ. ತಪ್ಪಿದ್ದರೆ ತಿದ್ದಿಸಬಹುದಿತ್ತು. ತಪ್ಪೇ ಇಲ್ಲದ ಹೆಸರನ್ನು ಹಿಡಿದುಕೊಂಡು ನಾನು ಗುಂಡಿ ತೋಡುವ ಜೆಸಿಬಿಯ ದಾರಿ ಕಾಯಬೇಕಾಗಿದೆ. ಅಮಾವಾಸ್ಯೆ ಯಾವತ್ತು, ಕ್ಯಾಲೆಂಡರ್ ನೋಡಿದೆಯಾ? ಆಗಸ್ಟ್ ಇಪ್ಪತ್ಮೂರು. ನಿನ್ನ ಶ್ರಾವಣವೂ ನನ್ನ ಗಡುವೂ ಒಂದೇ ದಿನ ಮುಗಿಯುತ್ತವೆ.

ನೀನಿಲ್ಲದೆಯೂ ಮಾಡಿಕೊಳ್ಳುತ್ತೇನೆ ಎಂದು ಹೊರಟಿದ್ದೆ, ಆ ಕಥೆ ಕೇಳು. ತಾಯಿ ಮೀನು ಮುಟ್ಟದೆ, ಹೋದ ವರ್ಷದ ಮರಿಗಳಲ್ಲಿ ಉಳಿದಿದ್ದ ಒಂದು ಮೀನನ್ನು ದೂರದ ಪ್ರಯೋಗಾಲಯಕ್ಕೆ ಕಳಿಸುವುದೆಂದು ನಿರ್ಧರಿಸಿ, ಹಸಿ ಗೋಣಿಯಲ್ಲಿ ಜೀವಂತ ಮೀನು ಸುತ್ತಿ, ಡಬ್ಬಿಯಲ್ಲಿಟ್ಟು ಕೊರಿಯರ್ ಅಂಗಡಿಗೆ ಒಯ್ದೆ. ಮಾಂಗೂರು ನೀರಿಲ್ಲದೆಯೂ ತಾಸುಗಟ್ಟಲೆ ಬದುಕುತ್ತದೆ ಎಂಬುದು ನನ್ನ ಲೆಕ್ಕ. ತಕ್ಕಡಿಯ ಮೇಲಿಟ್ಟ ಡಬ್ಬಿ ತಾನಾಗಿಯೇ ಕೌಂಟರಿನ ತುದಿಗೆ ನಡೆದು ಹೋಯಿತು.

“ಭಾಯ್, ಇದರಾಗ ಏನದ?”

“ಸ್ಯಾಂಪಲ್.”

“ಅಲುಗಾಡೋ ಸ್ಯಾಂಪಲ್ ನಾವು ತಗೋಳಲ್ಲ. ಸುಮ್ನ ಕುಂದ್ರೋ ಹಂಗ ಮಾಡ್ಕೊಂಡು ಬರ್ರಿ.”

ಮನೆಗೆ ಬಂದು ಸುಮ್ಮನೆ ಕೂರುವ ಹಾಗೆ ಮಾಡಿದೆ. ಮಂಜುಗಡ್ಡೆ ಹಾಕಿ ಕಳಿಸಿದೆ. ನಿನ್ನೆ ಉತ್ತರ ಬಂತು: ‘ಪ್ರಭೇದವನ್ನು ಗುರುತಿಸಲು ತಲೆಯ ಮೂಳೆ ಅವಶ್ಯಕ. ಕಳಿಸಿರುವ ಮಾದರಿಯಲ್ಲಿ ತಲೆ ಇರುವುದಿಲ್ಲ.’

ನಗಬೇಡ. ಇಪ್ಪತ್ತೆರಡು ವರ್ಷದಿಂದ ಮೀನು ಮಾರುತ್ತಿದ್ದೇನೆ. ಕೈ ತಾನಾಗಿಯೇ ಕೆಲಸ ಮಾಡಿತು. ತಲೆ ತೆಗೆದು, ಹೊಟ್ಟೆ ಶುಚಿ ಮಾಡಿ, ಮೂರು ಸಲ ತೊಳೆದು, ಅರಿಶಿನವನ್ನೂ ಸವರಿದ್ದೆ. ಪ್ರಯೋಗಾಲಯದವರು ಒಲೆ ಹಚ್ಚುವುದೊಂದೇ ಬಾಕಿ ಇತ್ತು. ಮುನ್ನಿ ಬೀ ಒಂದು ದಿನ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ, ಎದುರು ಬಂದಾಗಲೆಲ್ಲ ನಗು ಬಂದುಬಿಡುತ್ತಿತ್ತಂತೆ.

ಇನ್ನೊಂದು ಮಾತು. ನೀನು ಕಳಿಸಿದ ಕಾಗದದ ಅಕ್ಷರ ನಿನ್ನದಲ್ಲ. ಐವತ್ತು ವರ್ಷದ ಹಿಂದೆ ನಿನ್ನ ನೋಟ್‌ಬುಕ್ ನೋಡಿ ನಕಲು ಹೊಡೆದವನು ನಾನು, ನಿನ್ನ ಅಕ್ಷರ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಇದು ಗುಂಡಗುಂಡಗೆ ಇದೆ, ಹೆಂಗಸರ ಕೈ. ನನಗೆ ಒಂದು ಕಾಗದ ಸ್ವಂತ ಕೈಯಿಂದ ಬರೆಯುವುದೂ ನಿನಗೆ ಭಾರವಾಯಿತೇ? ಸರಿ ಬಿಡು. ಮೂವತ್ತೊಂದು ವರ್ಷ ಬಾಟಲಿಯೊಳಗಿನ ಸತ್ತ ಮೀನಿಗೆ ಹೆಸರು ಹೇಳಿದವನಿಗೆ ಬದುಕಿರುವ ಮೀನು ಎದುರಾದರೆ ಏನು ಮಾಡಬೇಕೆಂದು ಗೊತ್ತಿಲ್ಲ. ನನಗೆ ಅರ್ಥವಾಯಿತು.

ಹದಿನೇಳು ದಿನ ಉಳಿದಿವೆ. ಇನ್ನೊಂದು ಮೀನು ಕಳಿಸಿ ವರದಿ ತರಿಸಲು ಅಷ್ಟು ಸಾಲದು.

ಅಜೀಮುದ್ದೀನ್


ಹುಮನಾಬಾದ
9 ಆಗಸ್ಟ್ 2025

ಅಜೀಮ್ ಭಾಯ್ ಅವರಿಗೆ ಶಕುಂತಲಾಬಾಯಿ ಮಾಡುವ ಶರಣು.

ಈ ಕಾಗದ ಬರೆದದ್ದು ಅವರಿಗೆ ಗೊತ್ತಿಲ್ಲ. ಅವರ ಕಾಗದ ಬರೆದದ್ದು ನಾನೇ. ನಿಮ್ಮ ಕಾಗದ ಓದಿ ಹೇಳುವವಳೂ ನಾನೇ. ಹೋದ ದಸರೆಯಿಂದ ಅವರಿಗೆ ಸರಿಯಾಗಿ ಕಾಣುವುದಿಲ್ಲ ಭಾಯ್. ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಹೋಗಿದೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದಾರೆ. ಮೂರು ಸಲ ಸೂಜಿ ಹಾಕಿಸಿದೆವು. ಬೆಳಕು, ನೆರಳು ಗೊತ್ತಾಗುತ್ತದೆ, ಅಷ್ಟೇ. ಫೋನಿನಲ್ಲಿ ಯಾರ ಹೆಸರು ಬಂದಿದೆ ಎಂದು ಕಾಣುವುದಿಲ್ಲ, ಅದಕ್ಕೆ ಎತ್ತುವುದನ್ನೇ ಬಿಟ್ಟಿದ್ದಾರೆ. ಯಾರಿಗೂ ಹೇಳಬೇಡ ಎಂದು ನನ್ನಿಂದ ಆಣೆ ತೆಗೆದುಕೊಂಡಿದ್ದಾರೆ.

ಮಾರ್ಚ್‌ನಲ್ಲಿ ನೀವು ಎತ್ತಿ ಹಿಡಿದ ಮೀನು ಅವರಿಗೆ ಕರೀ ಟವೆಲ್ಲಿನ ಹಾಗೆ ಕಂಡಿತಂತೆ. ನೀವು ಎಂಟು ಮೀಸೆ ಎಂದಿರಲ್ಲ, ಅಷ್ಟರ ಮೇಲೆ ತಪ್ಪಾಗದ ಹೆಸರು ಅದೊಂದೇ ಇತ್ತಂತೆ. “ಕಾಣ್ದೇ ಬರದ್ರೂ ಸುಳ್ಳು ಬರದಿಲ್ಲ ಶಕುಂತಲಾ,” ಎಂದು ಅವತ್ತು ಸಂಜೆ ನಾಲ್ಕು ಸಲ ಹೇಳಿದರು. ನಾನು ಕೇಳಿರಲೇ ಇಲ್ಲ.

ಬಾಟಲಿಯ ಮೀನಿನ ಮಾತು ಓದುವಾಗ ನನ್ನ ಬಾಯಿ ತಡೆಯಲಿಲ್ಲ, ಓದಿಬಿಟ್ಟೆ. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅವತ್ತು ಊಟ ಮಾಡಲಿಲ್ಲ.

ಸಿಟ್ಟಾಗಬೇಡಿ ಎನ್ನುವುದಿಲ್ಲ. ಸಿಟ್ಟಾಗಿ, ಆದರೆ ಗೊತ್ತಿದ್ದು ಆಗಿ.

ಶಕುಂತಲಾಬಾಯಿ


ಬಸವಕಲ್ಯಾಣ
12 ಆಗಸ್ಟ್ 2025

ವೈನಿ, ಈ ಮೊದಲ ನಾಲ್ಕು ಸಾಲು ನಿಮಗೆ, ಜೋರಾಗಿ ಓದಬೇಡಿ. ನಿಮ್ಮ ಕಾಗದ ನನ್ನ ಅಂಗಿಯ ಜೇಬಿನಲ್ಲಿದೆ, ಯಾರಿಗೂ ತೋರಿಸಿಲ್ಲ. ಅವನ ಎದುರು ನನಗೆ ಏನೂ ಗೊತ್ತಿಲ್ಲ. ಕಳೆದ ಕಾಗದಕ್ಕೆ ನನ್ನ ಕೈ ಮುರಿಯಬೇಕಿತ್ತು. ಇನ್ನು ಮುಂದಿನದನ್ನು ಸ್ವಲ್ಪ ಗಡಸಾಗಿ ಓದಿ, ಅಯ್ಯೋ ಪಾಪ ಎನ್ನುವ ಧ್ವನಿ ಬೇಡ, ಅವನಿಗೆ ತಕ್ಷಣ ವಾಸನೆ ಹತ್ತುತ್ತದೆ.

ವೀರಭದ್ರ,

ನಿನ್ನ ಪಾಠವನ್ನು ಮತ್ತೆ ಓದಿದೆ. ತಲೆಯ ಹಿಂದಿನ ಅಂಚು ಎಂದಿದ್ದೀಯಲ್ಲ, ಪ್ರಯೋಗಾಲಯದವರೂ ಅದನ್ನೇ ಹೇಳಿದ್ದಾರೆ. ಹೊಂಡಕ್ಕೆ ಹೋಗಿ ಒಂದು ಮೀನು ಹಿಡಿದು ನೋಡಿದೆ. ನೋಡಿದರೆ ಏನೂ ಕಾಣಲಿಲ್ಲ, ಮೇಲೆ ಚರ್ಮ, ಅದರ ಮೇಲೆ ಲೋಳೆ. ಹೆಬ್ಬೆರಳು ಇಟ್ಟು ಒತ್ತಿದಾಗ ಮೂಳೆ ಸಿಕ್ಕಿತು. ಇದು ಕಣ್ಣಿನ ಕೆಲಸವೇ ಅಲ್ಲ ಮಾರಾಯ. ಪೇಟೆಯಲ್ಲಿ ಕಣ್ಣಿದ್ದವರೇ ಮೋಸ ಹೋಗುತ್ತಾರೆ. ಆದರೆ ನನ್ನ ಬೆರಳಿಗೆ ಮೂಳೆ ಸಿಕ್ಕಿದರೂ ಅದು ಕಮಾನೋ ಮೊನೆಯೋ ತಿಳಿಯಲಿಲ್ಲ. ಮೂವತ್ತೊಂದು ವರ್ಷ ಆ ಗೆರೆಯನ್ನು ಹಲಗೆಯ ಮೇಲೆ ಎಳೆದ ಕೈಗೆ ತಿಳಿಯುತ್ತದೆ.

ಏಳನೇ ತರಗತಿಯ ವಿಜ್ಞಾನ ಪ್ರದರ್ಶನ ನೆನಪಿದೆಯೇ? ಬಕೆಟ್ಟಿನಲ್ಲಿ ಮಾಂಗೂರು ತಂದವನು ನಾನು. ಚೀಟಿ ಬರೆದವನು ನೀನು. ಮಾಸ್ತರು ನೀರು ಬದಲಿಸು ಎಂದಾಗ ನೀನು ಬೆಂಚಿನ ಮೇಲೆ ಹತ್ತಿ ನಿಂತೆ. ಇಷ್ಟು ವರ್ಷ ಹಿಡಿಯುವ ಕೆಲಸ ನಾನು ಮಾಡಿದೆ, ಬರೆಯುವ ಕೆಲಸ ನೀನು ಮಾಡಿದೆ. ಈ ಒಂದು ಸಲ ನೀನೇ ಹಿಡಿಯಬೇಕು. ಶ್ರಾವಣದ ವಿಷಯದಲ್ಲಿ ನಾನು ಮಾತಾಡುವುದಿಲ್ಲ, ಅದು ನಿನಗೂ ನಿನ್ನ ಶಿವನಿಗೂ ಬಿಟ್ಟದ್ದು. ಹನ್ನೊಂದು ದಿನ ಉಳಿದಿವೆ.

ಅಜೀಮ್


ಹುಮನಾಬಾದ
15 ಆಗಸ್ಟ್ 2025

ಅಜೀಮ್ಯಾ

ನಾಲ್ಕನೇ ಸೋಮವಾರ ಮುಗಿಸಿ ಮಂಗಳವಾರ ಬರುತ್ತೇನೆ. ಸಾಹೇಬರನ್ನೂ ಕರೆಸು. ಬೇಲಿಯ ಒಳಗೆ ಬರುತ್ತೇನೆ.

ವೀರಭದ್ರ

ಇದನ್ನು ನಾನೇ ಬರೆದಿದ್ದೇನೆ. ಸಾಲು ಎತ್ತ ಹೋದರೂ ಓದಿಕೋ.


ಬಸವಕಲ್ಯಾಣ
21 ಆಗಸ್ಟ್ 2025

ವೀರಭದ್ರ,

ಮೊನ್ನೆ ಮಂಗಳವಾರ ನೀನು ಇಲ್ಲೇ ಇದ್ದೆ, ಆದರೂ ಆದದ್ದನ್ನು ಬರೆಯುತ್ತೇನೆ. ಯಾಕೆಂದರೆ ಅರ್ಧ ನಿನಗೆ ಕಾಣಲಿಲ್ಲ. ಕಾಣದಿದ್ದದ್ದೇ ನಿನ್ನ ಪುಣ್ಯ.

ನೀನು ವೈನಿಯ ಕೈ ಹಿಡಿದು ಬೇಲಿಯ ಒಳಗೆ ಬಂದು, ಕೊರಳಿನ ಲಿಂಗವನ್ನು ಅಂಗಿಯೊಳಗೆ ಸೇರಿಸಿ, ಮೇಲಿನ ಗುಂಡಿ ಹಾಕಿ, ತೋಳು ಮಡಚಿ ತೊಟ್ಟಿಯ ಕಟ್ಟೆಯ ಮೇಲೆ ಕೂತಾಗ ತುಳಜಾರಾಮ ಸಾಹೇಬರ ಮುಖದಲ್ಲಿ ನಗುವಿತ್ತು. ಕಣ್ಣು ಕಾಣದವರು ಮೀನು ಗುರುತಿಸುತ್ತಾರಂತೆ, ನೋಡೋಣ ಎಂಬ ನಗು. ಮೊದಲ ಮೀನನ್ನು ನಿನ್ನ ಕೈಗಿಟ್ಟೆ. ಅದು ಬಾಲ ಬಡಿದು ನಿನ್ನ ಮುಖಕ್ಕೆ ನೀರು ಹಾರಿಸಿತು. ನೀನು ಬಿಡಲಿಲ್ಲ. ಅದರ ಮುಳ್ಳು ನಿನ್ನ ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ಮೂಗಿಗೆ ಹಿಡಿಯುತ್ತೀಯ ಎಂದುಕೊಂಡಿದ್ದ ಕರವಸ್ತ್ರವನ್ನು ಬೆರಳಿಗೆ ಒತ್ತಿ, ಮತ್ತೆ ಬೆರಳನ್ನು ಮೀನಿನ ತಲೆಯ ಮೇಲಿಟ್ಟೆ. “ಕಮಾನು. ನಾಟಿ. ಮುಂದಿಂದು ತಾ,” ಎಂದೆ. ಸಾಹೇಬರ ನಗು ಅಲ್ಲಿಗೆ ನಿಂತಿತು. ಅದು ನಿನಗೆ ಕಾಣಬೇಕಿತ್ತು.

ಹದಿಮೂರು ಸರಿ ಹೋದವು. ಹದಿನಾಲ್ಕನೆಯದರ ಮೇಲೆ ನಿನ್ನ ಬೆರಳು ನಿಂತಿತು.

“ಇದು ಬ್ಯಾರೆ.”

“ಜಾರಿರಬೇಕು, ಸರಿ ಹಿಡಿ,” ಎಂದು ನಾನಂದೆ.

“ಬ್ಯಾರೆ ಅದ ಅಜೀಮ್ಯಾ. ನಡುವ ಮೊನಿ ಹತ್ತಾಕತ್ತದ.”

ನಾನು ನಿನ್ನ ಕಾಲು ತುಳಿದೆ. ಮೆಲ್ಲಗೆ ತುಳಿದೆ, ದೋಸ್ತನಾದವನಿಗೆ ತಿಳಿಯುವಷ್ಟು. ನೀನು ಊರಿಗೆಲ್ಲ ಕೇಳುವ ಹಾಗೆ ಕೇಳಿದೆ:

“ಕಾಲ ಯಾಕ ತುಳಿತಿ?”

ಬೇವಿನ ಮರದ ಕೆಳಗೆ ಕೂತಿದ್ದ ವೈನಿ, ಮುನ್ನಿ ಬೀ ಇಬ್ಬರೂ ತಿರುಗಿ ನೋಡಿದರು. ಸಾಹೇಬರು ಪೆನ್ನು ತೆಗೆದರು.

ನಲವತ್ತೆರಡರಲ್ಲಿ ಮೂವತ್ತಮೂರು ನಾಟಿ, ಒಂಬತ್ತು ಆಫ್ರಿಕಾದವು. ಸಾಹೇಬರು ಮರಿಗಳ ಹೊಂಡದ ಕಡೆ ತಿರುಗಿ, “ಅವುಕ್ಕೂ ಬರದು ಕೊಡ್ತೀರೇನ್ರಿ ಸರ್?” ಎಂದಾಗ ಒಂದು ಮಾತು ಸಾಕಿತ್ತು. ‘ಹೂಂ’ ಎನ್ನಬಹುದಿತ್ತು. ನೀನು ಅಂದದ್ದು: “ತಾಯಿ ಬೆರಕಿ ಆದ ಮ್ಯಾಲ ಮರಿ ಬಗ್ಗೆ ನಾ ಹ್ಯಾಂಗ ಹೇಳಲಿ?” ಐದು ತಿಂಗಳ ಹಿಂದೆ ಇಡೀ ಮೂರು ಸಾವಿರ ಜಾತಿಯನ್ನು ಒಂದೇ ಕಾಲಂನಲ್ಲಿ ತುಂಬಿದ ಮನುಷ್ಯ, ಅವತ್ತು ಒಂದು ಬೆರಳಿನಷ್ಟು ಮರಿಗೂ ಜಾಮೀನು ಕೊಡಲಿಲ್ಲ.

ನಿನ್ನೆ ಜೆಸಿಬಿ ಬಂತು. ಆ ಒಂಬತ್ತನ್ನೂ ಎಲ್ಲ ಮರಿಗಳನ್ನೂ ಗುಂಡಿಗೆ ಸುರಿದರು. ಸಾವಿರದ ನೂರ ನಲವತ್ತರವರೆಗೆ ಎಣಿಸಿದೆ. ಆಮೇಲೆ ಎಣಿಸಲಿಲ್ಲ. ನಾನು ಎಣಿಸುವುದನ್ನು ನಡುವೆ ಬಿಟ್ಟದ್ದು ಇದೇ ಮೊದಲು.

ಈಗ ನನ್ನ ಕಡೆಯದನ್ನೂ ಕೇಳು. ಹೋದ ವರ್ಷದ ಬಿರುಬೇಸಿಗೆಯಲ್ಲಿ ಹನ್ನೊಂದು ತಾಯಿ ಮೀನು ಸತ್ತವು. ಯಾರಿಗೂ ಹೇಳಲಿಲ್ಲ. ರಾಜೇಶ್ವರದ ಸಂತೆಗೆ ಬಂದ ವ್ಯಾನಿನವನಿಂದ ಹನ್ನೊಂದು ಕೊಂಡು ತೊಟ್ಟಿಗೆ ಬಿಟ್ಟೆ. “ನಾಟಿನೇ ಭಾಯ್, ಕಣ್ಣು ಮುಚ್ಚಿ ತಗೋರಿ,” ಎಂದ. ನಾನು ಕಣ್ಣು ತೆರೆದುಕೊಂಡೇ ತಗೊಂಡೆ. ಬಣ್ಣ ನೋಡಿದೆ, ಬಾಲ ನೋಡಿದೆ, ಬಾಯಿ ಬಿಡಿಸಿ ನೋಡಿದೆ. ತಲೆ ಮುಟ್ಟಲಿಲ್ಲ. ಅದರಲ್ಲಿ ಎರಡೇ ನಾಟಿ ಎಂದು ಈಗ ನಿನ್ನ ಬೆರಳು ಹೇಳಿತು. ಮಳೆಗಾಲ ಶುರುವಾದಾಗ ಯಾವುದಕ್ಕೆ ಮೊಟ್ಟೆ ಇಡಿಸುವ ಸೂಜಿ ಕೊಟ್ಟೆ, ಯಾವುದರ ಮೊಟ್ಟೆ ಮರಿಯಾಯಿತು ಎಂದೂ ಬರೆದಿಡಲಿಲ್ಲ. ಎಲ್ಲವನ್ನೂ ಬರೆದಿಡುವವನು ಅದೊಂದನ್ನು ಬಿಟ್ಟೆ. ಬರೆದರೆ ಹನ್ನೊಂದರ ಲೆಕ್ಕ ಹೊರಬೀಳುತ್ತಿತ್ತು.

ಹಾಗಾಗಿ ನಿನ್ನ ಮೇಲಿನ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ. ಆದರೂ ಇದೆ. ಇರಲಿ.

ನಿನಗೆ ಕಾಣದ ಇನ್ನೊಂದು ಉಳಿಯಿತು. ಸಾಹೇಬರು ಪ್ರಮಾಣಪತ್ರ ಮುಂದಿಟ್ಟರು. ನೀನು ಮಾಡಿದ ಸಹಿ ಗೆರೆ ಬಿಟ್ಟು ಮೂಲೆಗೆ ಹೋಯಿತು. ಹಳೆಯ ಸಹಿಗೆ ಹೋಲುವುದಿಲ್ಲ, ಕಚೇರಿಯಲ್ಲಿ ತಗೊಳ್ಳುವುದಿಲ್ಲ ಎಂದು ಅವರು ತಲೆ ಕೆರೆದುಕೊಂಡರು. ಕೊನೆಗೆ ಇಂಕಿನ ಡಬ್ಬಿ ತೆಗೆದು, “ಸರ್, ನಿಮ್ಮಂಥವರ ಕಡಿಂದ ಹೆಬ್ಬೆಟ್ಟು ಕೇಳೂದಂದ್ರ...” ಎಂದು ಅರ್ಧಕ್ಕೆ ನಿಲ್ಲಿಸಿದರು. ವೈನಿ ಮುಖ ತಿರುಗಿಸಿಕೊಂಡರು.

ನೀನೇ ಕೈ ಮುಂದೆ ಚಾಚಿದೆ. “ಮೀನು ಓದಿದ್ದು ಈ ಬೆರಳ. ಸಹೀನೂ ಇದೇ ಹಾಕ್ಲಿ,” ಎಂದೆ.

ಕಾಗದದ ಮೇಲೆ ಗುರುತು ಚೆನ್ನಾಗಿ ಬಿದ್ದಿದೆ. ನಡುವೆ ಅಡ್ಡಡ್ಡ ಒಂದು ಬಿಳಿ ಗೆರೆ, ಮುಳ್ಳು ಚುಚ್ಚಿದ ಜಾಗ. ಸಾಹೇಬರು ಅದನ್ನು ಫೈಲಿಗೆ ಸೇರಿಸುವಾಗ ಎದ್ದು ನಿಂತಿದ್ದರು.

ಇನ್ನು ಸ್ವಲ್ಪ ದಿನ ನಾನು ಬರೆಯುವುದಿಲ್ಲ. ಗುಂಡಿಯ ವಾಸನೆ ಹೋಗಲಿ.

ಅಜೀಮುದ್ದೀನ್


ಹುಮನಾಬಾದ
2 ಸೆಪ್ಟೆಂಬರ್ 2025

ಅಜೀಮ್ಯಾ,

ಬರೆಯುವುದಿಲ್ಲ ಎಂದಿದ್ದೀಯ, ಆದ್ದರಿಂದ ನಾನು ಬರೆಸುತ್ತಿದ್ದೇನೆ. ಬೆರಳು ಬಾತಿತ್ತು, ಈಗ ಇಳಿದಿದೆ. ಒಂದು ವಾರ ಶಕುಂತಲಾ ನನಗೆ ಎಡಗೈಯಿಂದ ವಿಭೂತಿ ಹಚ್ಚಿಕೊಳ್ಳಲೂ ಬಿಡಲಿಲ್ಲ, ತಾನೇ ಹಚ್ಚಿದಳು.

ನಿನ್ನ ಹನ್ನೆರಡನೇ ತಾರೀಖಿನ ಕಾಗದದಲ್ಲಿ ಆಕೆ ಮೊದಲ ಒಂದಷ್ಟು ಸಾಲು ಬಿಟ್ಟು ಓದಿದಳು. ಮೂವತ್ತೊಂದು ವರ್ಷ ಹುಡುಗರ ಓದು ಕೇಳಿದವನು ನಾನು. ಸಾಲು ಹಾರಿಸಿದವರ ಉಸಿರು ಎಲ್ಲಿ ಕಟ್ಟುತ್ತದೆಂದು ಗೊತ್ತು. ನಾನು ಕೇಳಲಿಲ್ಲ. ನೀನೂ ಅವಳೂ ಅಷ್ಟು ಕಷ್ಟಪಟ್ಟಿದ್ದಿರಿ.

ನಿನ್ನ ಮರಿಗಳಿಗೆ ಹೂಂ ಎನ್ನಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಮಾರ್ಚ್‌ನಲ್ಲಿ ಕಾಣದೆ ಬರೆದೆ, ಇನ್ನೊಂದು ಸಲ ಆಗಲಿಲ್ಲ.

ವೀರಭದ್ರ


ಬಸವಕಲ್ಯಾಣ
9 ಅಕ್ಟೋಬರ್ 2025

ವೀರಭದ್ರ,

ನೀನು ಕಾಗದ ಬರೆಸಿದ ಮೇಲೂ ಒಂದು ತಿಂಗಳು ಏಳು ದಿನ ಸಿಟ್ಟಿನಲ್ಲಿದ್ದೆ. ಇವತ್ತಿಗೆ ಸಾಕು ಮಾಡಿದ್ದೇನೆ, ಪೂರ್ತಿ ಅಲ್ಲ.

ಕಳೆದ ತಿಂಗಳ ಕೊನೆಯ ಮಳೆಗೆ ಮೂವತ್ತಮೂರರಲ್ಲಿ ಎರಡು ತಾಯಿಗಳು ಮೊಟ್ಟೆ ಇಟ್ಟವು. ಅವಧಿ ಮೀರಿದ ಮೊಟ್ಟೆ, ಬಹಳ ಕೆಟ್ಟವು. ಉಳಿದ ಮರಿ ಇನ್ನೂರ ಹನ್ನೆರಡು. ಎರಡು ಸಲ ಎಣಿಸಿದ್ದೇನೆ. ಯಾವ ತಾಯಿಯದು ಎಷ್ಟು, ಯಾವ ದಿನ, ಯಾವ ತೊಟ್ಟಿ, ಎಲ್ಲ ಬರೆದಿಟ್ಟಿದ್ದೇನೆ. ಮೀಸೆ ಕೂದಲಿಗಿಂತ ಸಣ್ಣ, ಆದರೂ ಎಂಟೇ.

ಗೇಟಿನ ಬೋರ್ಡು ಅಳಿಸಿದೆ. ಪೇಂಟರ್ ಏನು ಬರೆಯಲಿ ಎಂದಾಗ ಮುನ್ನಿ ಬೀ ಒಳಗಿನಿಂದಲೇ, “ಮಾಂಗೂರ್ ಮೀನು ಸಿಗ್ತಾವ ಅಂತ ಬರಿ, ಸಾಕು,” ಎಂದಳು. ಹಾಗೇ ಬರೆಸಿದೆ.

ಈ ನಡುವೆ ದಿನಾ ಬೆಳಿಗ್ಗೆ ಒಂದು ತಾಯಿ ಮೀನು ಹಿಡಿದು, ಕಣ್ಣು ಮುಚ್ಚಿಕೊಂಡು ತಲೆಯ ಮೇಲೆ ಹೆಬ್ಬೆರಳು ಇಡುತ್ತೇನೆ. ಎಷ್ಟೋ ದಿನ ಬರೀ ಲೋಳೆ ಹತ್ತಿತು. ಮುಳ್ಳು ನನಗೂ ಚುಚ್ಚಿತು, ಇಷ್ಟು ವರ್ಷದಲ್ಲಿ ಮೊದಲ ಸಲ. ನಿನ್ನೆ ಕಮಾನು ತಿಳಿಯಿತು. ಇಷ್ಟು ಸಣ್ಣದೇ ಎಂದು ನನಗೇ ನಾಚಿಕೆಯಾಯಿತು.

ನೋಂದಣಿಯ ಹೊಸ ಫಾರಂ ಬಂದಿದೆ. ಏಳನೇ ಕಾಲಂ ನಾನೇ ತುಂಬಿದೆ, ಕ್ಲಾರಿಯಸ್ ಮಾಗುರ್. ಚಿಕ್ಕ ಹೆಸರು, ಕಾಲಂನ ಒಳಗೇ ಕೂತಿತು. ಎಂಟನೆಯದು ‘ಗುರುತಿಸಿದವರ ಸಹಿ’. ಮಾರ್ಚ್‌ನಲ್ಲಿ ನಿನ್ನ ಸಿಲುರಿಫಾರ್ಮಿಸ್ ಹೋಗಿ ಕೂತಿದ್ದ ಜಾಗ ಅದು. ಖಾಲಿ ಬಿಟ್ಟಿದ್ದೇನೆ.

ಭಾನುವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ. ಇಂಕಿನ ಡಬ್ಬಿ ನಾನೇ ತರುತ್ತೇನೆ. ರೇಡಿಯೋ ಹಚ್ಚೇ ಇರಲಿ.

ಅಜೀಮ್